ಐಹೊಳೆಯಲ್ಲಿ ಪರದೇಶಿ ಯಾರು?

ಇವತ್ತಿನ ಕನ್ನಡದಲ್ಲಿ ‘ಪರದೇಶಿ’ ಅಂದರೆ ದಿಕ್ಕಿಲ್ಲದವನು. ತಂದೆತಾಯಿ ಕಳೆದುಕೊಂಡ ಮಗುವನ್ನು ಕಂಡು ಮರುಗುವಾಗ ಬರುವ ಪದ, ಬೈಗುಳಕ್ಕೂ ಒದಗುವ ಪದ. ಶಾಸನಗಳಲ್ಲಿ ಮಾತ್ರ ಅದಕ್ಕೆ ಬೇರೆಯದೇ ಮರ್ಯಾದೆ. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕ ಸಂಘದವರ ಬರಹಗಳಲ್ಲಿ ಸ್ವದೇಶಿ, ಪರದೇಶಿ, ನಾನಾದೇಶಿ ಎಂದು ವ್ಯಾಪಾರಿಗಳ ಬಗೆಗಳು ಬರುತ್ತವೆ. ಅಲ್ಲಿ ಪರದೇಶಿ ಎಂದರೆ ದೂರ ಹೋಗಬಲ್ಲವನು. ಆ ಅಯ್ಯಾವೊಳೆಯೇ ಹುನಗುಂದ ತಾಲ್ಲೂಕಿನ ಇಂದಿನ ಐಹೊಳೆ.

ಅವರು ಹೋದ ದೂರವೂ ಸಣ್ಣದಲ್ಲ. ಸುಮಾತ್ರಾ ದ್ವೀಪದಲ್ಲಿ, ಕರ್ಪೂರಕ್ಕೆ ಹೆಸರಾದ ಬಾರುಸ್ ಹತ್ತಿರ ಐನೂರ್ವರ 1088ರ ಶಾಸನವೊಂದು ಸಿಕ್ಕಿದೆ. ಭಾಷೆ ತಮಿಳು. ಹಡಗಿನವರು ಚಿನ್ನದಲ್ಲಿ ಕೊಡಬೇಕಾದ ಸುಂಕದ ಕಟ್ಟಳೆ ಅದರಲ್ಲಿದೆ. ಬರ್ಮಾದ ಪಗಾನ್‌ನಲ್ಲಿ ನಾನಾದೇಶಿಗಳ ಹೆಸರಿನ ವಿಷ್ಣು ಗುಡಿಯಿತ್ತು. ನನಗೆ ಇವರಲ್ಲಿ ಹಿಡಿಸುವುದು ಸಾಹಸವಲ್ಲ, ಒಂದು ರೂಢಿ. ವ್ಯಾಪಾರಕ್ಕೆ ಹೋದ ಊರಿನ ಗುಡಿಗೋ ಕೆರೆಗೋ ತಮ್ಮ ಸರಕಿನ ಮೇಲೆ, ಹೇರಿಗಿಷ್ಟು ಎಂದು, ತಾವೇ ತೆರಿಗೆ ಹಾಕಿಕೊಳ್ಳುತ್ತಿದ್ದರು. ಧರ್ಮಬುದ್ಧಿಯ ಜೊತೆ ವ್ಯಾಪಾರದ ಜಾಣತನವೂ ಅದರಲ್ಲಿತ್ತು, ಇರಲಿ. ಪರಸ್ಥಳದಲ್ಲಿ ನಿಲ್ಲುವವನಿಗೆ ಆ ಸ್ಥಳದ ಋಣವಿದೆ ಎಂಬುದನ್ನು ಅವರು ಲೆಕ್ಕದಲ್ಲೇ ಬರೆದಿಟ್ಟರು.

ಈಗ ಐಹೊಳೆಗೆ ಬರುವ ಪರದೇಶಿಯೂ ಸುಂಕ ಕಟ್ಟುತ್ತಾನೆ. ದುರ್ಗಾ ಗುಡಿಯ ಆವರಣಕ್ಕೆ ವಿದೇಶಿಯರ ಟಿಕೆಟ್ಟು ನಮ್ಮದರ ಹತ್ತು ಪಟ್ಟಿಗೂ ಹೆಚ್ಚು. ಅದರ ಬಗ್ಗೆ ನನ್ನ ತಕರಾರಿಲ್ಲ. ಬಾದಾಮಿಯಿಂದ ಬರುವ ಬಸ್ಸಿನಲ್ಲಿ ಜೊತೆಯಾದ ಯುರೋಪಿನ ವಿದ್ಯಾರ್ಥಿಯೊಬ್ಬ ಗುಡಿಗಳ ನಡುವಿನ ಮನೆ, ಕಟ್ಟಿದ ಎಮ್ಮೆ, ಕುಳ್ಳಿನ ರಾಶಿ ನೋಡಿ ಕೇಳಿದ: ಇವರನ್ನು ಇಲ್ಲಿರಲು ಯಾಕೆ ಬಿಟ್ಟಿದ್ದಾರೆ? ಕೇಳಿದ್ದು ಅವನಾದರೂ ಪ್ರಶ್ನೆ ಅವನೊಬ್ಬನದಲ್ಲ. ಬೆಂಗಳೂರಿನಿಂದ ಕಾರಿನಲ್ಲಿ ಬಂದವರೂ ಅದನ್ನೇ ಕೇಳುತ್ತಾರೆ. ನನ್ನಂಥ ಸಂಶೋಧಕರಿಗೂ ಖಾಲಿ ಗುಡಿಯೇ ಅನುಕೂಲ.

ಆದರೆ ಗುಡಿಗಳ ಹೆಸರು ನೋಡಿ. ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದು ಅದರಲ್ಲಿ ವಾಸವಾಗಿದ್ದ ಮನುಷ್ಯನಿಂದ. ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ ಇವೆಲ್ಲ ದೇವರ ಹೆಸರುಗಳೂ ಅಲ್ಲ, ಕಟ್ಟಿಸಿದ ಅರಸರವೂ ಅಲ್ಲ. ವಾತಾಪಿಯ ಅರಸೊತ್ತಿಗೆ ಹೋಗಿ, ವರ್ತಕರ ಸಂತೆ ಹರಿದ ಮೇಲೂ ಇಲ್ಲಿ ಉಳಿದವರ ಗುರುತುಗಳು.

ಎದುರು ವಾದವೂ ಹಗುರವಲ್ಲ. ಒಲೆಯ ಹೊಗೆ ಮರಳುಗಲ್ಲನ್ನು ಕೆಡಿಸುತ್ತದೆ, ಚಾಲುಕ್ಯರ ಕಂಬ ಯಾರದೋ ಗೋಡೆಯೊಳಗೆ ಸೇರಿಹೋಗುತ್ತದೆ. ಅದಕ್ಕಾಗಿ ಕಾನೂನಿದೆ. 2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ. ನೂರಕ್ಕೂ ಹೆಚ್ಚು ಗುಡಿಗಳಿರುವ ಊರಿನಲ್ಲಿ ಈ ವೃತ್ತಗಳನ್ನು ಎಳೆಯುತ್ತಾ ಹೋದರೆ ಊರು ಎಲ್ಲಿ ಉಳಿಯುತ್ತದೆ? ಮಗನ ಮದುವೆಯಾಯಿತೆಂದು ಇನ್ನೊಂದು ಖೋಲಿ ಏರಿಸಲೂ ಅಡ್ಡಿ. ಸ್ಥಳಾಂತರದ ಮಾತಂತೂ ದಶಕಗಳಷ್ಟು ಹಳೆಯದು. ಹೊರಗಿನಿಂದ ಬಂದವನು ಶಾಸನದ ಅರ್ಥದ ಪರದೇಶಿ, ಊರಲ್ಲೇ ಹುಟ್ಟಿದವನು ಬೈಗುಳದ ಅರ್ಥದ ಪರದೇಶಿ!

7ನೇ ಶತಮಾನದಲ್ಲಿ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದ ಹ್ಯೂಯೆನ್ ತ್ಸಾಂಗ್ ಇಲ್ಲಿಯ ಜನ ಉಪಕಾರ ಮರೆಯರು, ಅವಮಾನ ಸಹಿಸರು ಎಂದು ಬರೆದ. ಅವನು ಹುಡುಕಿಕೊಂಡು ಬಂದದ್ದು ಬೌದ್ಧ ವಿಹಾರಗಳನ್ನು, ಆದರೂ ಮನುಷ್ಯರ ಮೇಲೂ ಕಣ್ಣಿಟ್ಟಿದ್ದ. ನಮ್ಮ ಫೋಟೋಗಳಲ್ಲಿ ಐಹೊಳೆಯ ಜನ ಕಾಣುವುದು ಕಂಬ ಎಷ್ಟು ಎತ್ತರ ಎಂದು ತೋರಿಸಲು ಮಾತ್ರ.

ಊರವರೇ ಹೋಗಲು ಬಯಸಿದರೆ ಹೊಲಕ್ಕೆ ಹತ್ತಿರದ ನಿವೇಶನ, ನೀರು, ಶಾಲೆ ಮೊದಲು ಸಿದ್ಧವಾಗಲಿ, ಆಮೇಲೆ ಮನೆ ಬೀಳಲಿ. ಬರಿಯ ನೋಡುಗನ ಸಲುವಾಗಿ ಅವರನ್ನು ಎಬ್ಬಿಸುವುದು ನನಗೆ ಒಪ್ಪಿಗೆಯಿಲ್ಲ. ಬಸ್ಸಿನ ಗೆಳೆಯನಿಗೆ ಇದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಟಿಕೆಟ್ಟಿನ ಹಣದಲ್ಲಿ ಈ ಮನೆಗಳಿಗೆ ಎಷ್ಟು ಹೋಗುತ್ತದೆ ಎಂದು ಕೇಳಿದ.