ಶಿಖರಗಣನೆ

ಒಂದು ಅಹೋರಾತ್ರದೊಳಗೆ 42 ಬೆಟ್ಟಗಳನ್ನೇರಿ, ಹೊರಟ ಬಾಗಿಲಿಗೇ ಮರಳಿದವನು ಗಳಿಸಿದುದೇನು?

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಪ್ರಾಂತದ ಕೆಸ್ವಿಕ್ ಎಂಬ ಊರಿನಲ್ಲಿ ವಸತಿಗೃಹವನ್ನು ನಡೆಸುತ್ತಿದ್ದ ಬಾಬ್ ಗ್ರಹಾಂ ಎಂಬಾತನು 1932ನೆಯ ಇಸವಿಯ ಜೂನ್ ತಿಂಗಳಲ್ಲಿ ಅಲ್ಲಿಯ ಮೂಟ್ ಹಾಲಿನ ಮುಂದಿನಿಂದ ಹೊರಟು, ಅಷ್ಟು ಶಿಖರಗಳನ್ನೂ ಸುತ್ತಿ, 24 ಗಂಟೆಗಳೊಳಗಾಗಿ ಅಲ್ಲಿಗೇ ಬಂದು ಸೇರಿದನು. ದಾರಿಯು ಸುಮಾರು 66 ಮೈಲಿ. ಏರಿದ ಎತ್ತರವನ್ನು ಕೂಡಿಸಿದರೆ ಸುಮಾರು 27,000 ಅಡಿ. 1960ರಲ್ಲಿ ಆಲನ್ ಹೀಟನ್ ಎಂಬಾತನು ಮಾಡಿ ತೋರಿಸುವ ತನಕ, 28 ವರ್ಷಗಳ ಕಾಲ, ಅದು ಮತ್ತೊಬ್ಬರಿಗೆ ಸಾಧ್ಯವಾಗಲಿಲ್ಲ.

ಇದು ಬರಿಯ ಅಹಂಕಾರವಲ್ಲವೆ ಎಂದು ವಾಚಕರು ಕೇಳಬಹುದು. ಬಹುಕಾಲ ಮಕ್ಕಳ ಅಂಕಗಳನ್ನೆಣಿಸಿದ ನಾನು ಆ ಪ್ರಶ್ನೆಯನ್ನು ತಳ್ಳಿಹಾಕಲಾರೆನು. ಎಣಿಕೆಯೇ ಗುರಿಯಾದಲ್ಲಿ ವಿದ್ಯೆಯು ಹಿಂದುಳಿದುದನ್ನು ಕಂಡಿದ್ದೇನೆ. ಆ ತಪ್ಪಿನಲ್ಲಿ ನನ್ನ ಪಾಲೂ ಉಂಟು. ಆದರೆ ಜಪವನ್ನೂ ನಾವು ಎಣಿಸಿಯೇ ಮಾಡುತ್ತೇವೆ. ಅಲ್ಲಿ ಎಣಿಕೆಯು ಚಂಚಲವಾದ ಮನಸ್ಸನ್ನು ಸಂಕಲ್ಪಕ್ಕೆ ಕಟ್ಟುವ ದಾರವಷ್ಟೆ.

ಇವೆರಡನ್ನು ಬೇರ್ಪಡಿಸುವುದಾವುದು? ಆ ಸುತ್ತನ್ನು ಪೂರೈಸಿದವರಿಗಾಗಿ 1971ರಲ್ಲಿ ಹುಟ್ಟಿದ ಸಂಘವು ಪ್ರತಿ ಶಿಖರದಲ್ಲಿಯೂ ಒಬ್ಬ ಸಾಕ್ಷಿಯಿರಬೇಕೆಂದು ವಿಧಿಸಿದೆ. ಸಾಕ್ಷಿಯಾಗುವವನೂ ಬೆಟ್ಟವನ್ನು ಏರಲೇಬೇಕು. ಎಣಿಕೆ ಮಾತ್ರ ಇನ್ನೊಬ್ಬನದು. ಈ ಏರುವಿಕೆಯಲ್ಲಿಯೇ ಉತ್ತರವಿದೆಯೆಂದು ನನಗೆ ತೋರುತ್ತದೆ. ಎಣಿಸುವುದನ್ನು ನಾನು ಬಲ್ಲವನಾಗಿದ್ದೆನು. ಜೊತೆಯಲ್ಲಿ ಏರುವುದನ್ನು ತಡವಾಗಿ ಕಲಿತೆನು.