ನೆನಪಿಲ್ಲದ ಪ್ರೀತಿ

ದೀಪಾವಳಿ ಹತ್ತಿರ ಬಂತೆಂದರೆ ಬೆಂಗಳೂರಿನಲ್ಲಿ ನೆಲಸಿದ ನಮ್ಮಂಥವರ ಮುಖ ಊರ ಕಡೆಗೆ ತಿರುಗುತ್ತದೆ. ಒಂಟಿಯಾಗಿ ಹೋಗುವವನಿಗೆ ಅದು ಒಂದು ರಾತ್ರಿಯ ಪ್ರಯಾಣ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹೊರಟವನಿಗೆ ದಂಡಯಾತ್ರೆ. ಹಾಲಿನ ಬಾಟಲಿ, ಬಿಸಿನೀರಿನ ಫ್ಲಾಸ್ಕು, ಕುಲಾವಿ, ಜ್ವರದ ಔಷಧಿ, ಬದಲಿ ಬಟ್ಟೆಯ ಗಂಟು—ಒಂದನ್ನು ಮರೆತರೂ ಕೆಟ್ಟಿತು.

ನಮ್ಮೂರು ಸಾಗರದ ಕಡೆಯದು. ಮೈಸೂರಿನಿಂದ ಬೆಂಗಳೂರಿನ ಮಾರ್ಗವಾಗಿ ತಾಳಗುಪ್ಪಕ್ಕೆ ಹೋಗುವ ರಾತ್ರಿಯ ರೈಲಿನಲ್ಲಿ, ಆರು ವರ್ಷದ ಮಗಳನ್ನೂ ಎರಡು ತುಂಬಿದ ಮಗನನ್ನೂ ಕರೆದುಕೊಂಡು ನಾವು ಹೋಗುವುದು. ಐದು ವರ್ಷದೊಳಗಿನ ಮಗುವಿಗೆ ರೈಲಿನಲ್ಲಿ ಟಿಕೆಟ್ಟು ಬೇಕಿಲ್ಲ. ಟಿಕೆಟ್ಟಿಲ್ಲದ ಮೇಲೆ ಬೇರೆ ಬರ್ತೂ ಇಲ್ಲ. ಆದ್ದರಿಂದ ಅಪ್ಪನ ಬರ್ತಿನ ಮುಕ್ಕಾಲು ಪಾಲು ಮಗನಿಗೆ ಸಲ್ಲುತ್ತದೆ. ಉಳಿದ ಕಾಲು ಪಾಲಿನಲ್ಲಿ ಅಪ್ಪ ಬೆಳಗು ಮಾಡುತ್ತಾನೆ.

ಈ ಕಷ್ಟವನ್ನು ಬಲ್ಲ ಸಹೋದ್ಯೋಗಿ ಮಿತ್ರರೊಬ್ಬರು ಕೇಳಿದರು: "ಅಲ್ಲ ಮಾರಾಯರೆ, ಎರಡು ವರ್ಷದ ಕೂಸಿಗೆ ಅಜ್ಜಿಯ ಮನೆಯ ಹಬ್ಬ ನೆನಪಿರುತ್ತದೆಯೆ? ಅದಕ್ಕೆ ಸ್ವಲ್ಪ ಬುದ್ಧಿ ತಿಳಿದ ಮೇಲೆ ಕರೆದುಕೊಂಡು ಹೋದರಾಗದೆ?" ನನ್ನ ತಾಯಿಗೆ ಎಂಬತ್ತು ದಾಟಿದೆ. ಕೂಸಿಗೆ ಬುದ್ಧಿ ತಿಳಿಯುವ ತನಕ ಕಾಲ ಕಾದೀತೆಂದು ಹೇಳುವವರು ಯಾರು? ಆದರೂ ಮಿತ್ರರ ಪ್ರಶ್ನೆಯನ್ನು ಅಷ್ಟಕ್ಕೇ ತಳ್ಳಿಹಾಕುವಂತಿಲ್ಲ. ಬೆಳೆದವರಲ್ಲಿ ಹೆಚ್ಚಿನವರಿಗೆ ಮೂರು ವರ್ಷಕ್ಕಿಂತ ಹಿಂದಿನ ಸಂಗತಿಗಳು ನೆನಪಿರುವುದಿಲ್ಲ. ಫ್ರಾಯ್ಡ್ 1905ರಲ್ಲಿಯೇ ಈ ಶೈಶವದ ಮರೆವನ್ನು ಕುರಿತು ಬರೆದಿದ್ದಾನೆ. ಹಾಗಾದರೆ, ಪಡೆದವನಲ್ಲಿ ನೆನಪಾಗಿಯೂ ಉಳಿಯದ ಪ್ರೀತಿ ನಿಜವಾಗಿ ಸಂದಂತಾಯಿತೆ? ಇಲ್ಲ, ಅದು ನೀರಿನ ಮೇಲಿನ ಬರಹವೆ?

ಇದಕ್ಕೆ ಒಂದು ಸಮಾಧಾನವುಂಟು: ನೆನಪಿಗೆ ಬಾರದ್ದೆಲ್ಲ ಅಳಿದುಹೋಯಿತೆಂದು ಅರ್ಥವಲ್ಲ. 1953ರಲ್ಲಿ ಅಮೆರಿಕದಲ್ಲಿ ಮೂರ್ಛೆರೋಗಕ್ಕಾಗಿ ಮಿದುಳಿನ ಶಸ್ತ್ರಚಿಕಿತ್ಸೆಗೆ ಒಳಗಾದ ತರುಣನೊಬ್ಬ ಹೊಸ ಸಂಗತಿಗಳನ್ನು ನೆನಪಿಟ್ಟುಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡ. ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಆಕೃತಿಯನ್ನು ಬರೆಯುವ ಕೆಲಸವನ್ನು ಬ್ರೆಂಡಾ ಮಿಲ್ನರ್ ಎಂಬ ವಿದುಷಿ ಅವನಿಗೆ ಮೂರು ದಿನ ಕೊಟ್ಟಳು. ಪ್ರತಿದಿನವೂ ಅವನಿಗೆ ಅದು ಎಂದೂ ಮಾಡದ ಕೆಲಸ. ಕೈ ಮಾತ್ರ ದಿನದಿನಕ್ಕೆ ಪಳಗುತ್ತ ಹೋಯಿತು. ಮನಸ್ಸು ಮರೆತದ್ದನ್ನು ಮೈ ಮರೆತಿರಲಿಲ್ಲ. ನಮ್ಮ ಕಾಳಿದಾಸನಿಗೂ ಇದು ತಿಳಿಯದ್ದಲ್ಲ. ಶಕುಂತಲೆಯನ್ನು ಮರೆತ ದುಷ್ಯಂತ ಅರಮನೆಯಲ್ಲಿ ಹಂಸಪದಿಕೆಯ ಹಾಡು ಕೇಳಿ, ಕಾರಣವೇ ತಿಳಿಯದೆ ತಳಮಳಗೊಳ್ಳುತ್ತಾನೆ.

ಆದರೆ ಈ ಸಮಾಧಾನವನ್ನೇ ನೆಚ್ಚಿಕೊಳ್ಳಲು ನನಗೆ ಮನಸ್ಸಿಲ್ಲ. ಎಲ್ಲೋ ಒಳಗೆ ಉಳಿದು ಮುಂದೆ ಫಲ ಕೊಡುತ್ತದೆ, ಆದ್ದರಿಂದ ಈಗ ಪ್ರೀತಿಸೋಣ ಎಂದರೆ ಪ್ರೀತಿಯನ್ನು ಬ್ಯಾಂಕಿನ ಠೇವಣಿ ಮಾಡಿದಂತಾಯಿತು. ಉಳಿಯದಿದ್ದರೆ? ಆಗ ಅಜ್ಜಿಯ ಮಡಿಲು ವ್ಯರ್ಥವೆನ್ನೋಣವೆ?

ಇನ್ನೊಂದು ಮಗ್ಗುಲಿನಿಂದ ನೋಡೋಣ. ಕೂಸಿಗೆ ಸೂಜಿಮದ್ದು ಹಾಕಿಸಿದಾಗ ಅದು ಚೀರುತ್ತದೆ. ಆ ನೋವು ಮುಂದೆ ಅದಕ್ಕೆ ನೆನಪಿರುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಹಾಗೆಂದು ಯಾವ ತಾಯಿಯಾದರೂ 'ಹೇಗೂ ಮರೆಯುತ್ತದೆ, ಅಳಲಿ' ಎಂದು ಸುಮ್ಮನಿರುತ್ತಾಳೆಯೆ? ಮರೆತುಹೋಗುವ ವಯಸ್ಸೆಂಬ ನೆಪದಿಂದ ಶಿಶುವನ್ನು ನೋಯಿಸಿದವನನ್ನು ನಾವು ಕ್ಷಮಿಸುತ್ತೇವೆಯೆ? ಇಲ್ಲ. ಮರೆವು ನೋವನ್ನು ಸುಳ್ಳಾಗಿಸಲಾರದು. ಹಾಗಿದ್ದ ಮೇಲೆ ನಲಿವನ್ನು ಮಾತ್ರ ಅದು ಹೇಗೆ ಸುಳ್ಳಾಗಿಸೀತು? ಬಲಿಪಾಡ್ಯಮಿಯ ಬೆಳಗ್ಗೆ, ಮೈ ತೊಳೆಸಿಕೊಂಡು ಕೊರಳಿಗೆ ಅಡಕೆಯ ಸರ ಹಾಕಿಸಿಕೊಂಡ ಕರುವನ್ನು ಕಂಡು ಕೂಸು ಕೇಕೆ ಹಾಕಿತಲ್ಲ, ಆ ಕೇಕೆ ಆ ಗಳಿಗೆಗೇ ಪೂರ್ಣ. ಅದಕ್ಕೆ ನೆನಪಿನ ಸಾಕ್ಷಿ ಬೇಕಾಗಿಲ್ಲ.

ಈ ನ್ಯಾಯ ನಮ್ಮ ಪರವಾಗಿ ಮಾತ್ರ ತೀರ್ಪು ಕೊಡುವುದಿಲ್ಲ ಎಂಬುದನ್ನೂ ಗಮನಿಸಬೇಕು. ಕೂಸಿನ ಈ ಹೊತ್ತಿನ ಸುಖಕ್ಕೆ ಬೆಲೆಯಿದ್ದರೆ ಈ ಹೊತ್ತಿನ ದುಃಖಕ್ಕೂ ಬೆಲೆಯುಂಟು. ಮೂರು ದಿನದ ರಜೆಯಲ್ಲಿ ಹತ್ತು ಮನೆಗಳಿಗೆ ಹೊತ್ತು ತಿರುಗಿ, ಗುರುತಿಲ್ಲದ ಮಡಿಲಿಗೆಲ್ಲ ದಾಟಿಸಿ, ಅತ್ತರೆ 'ಹಟಮಾರಿ' ಎಂದು ಹೆಸರಿಡುವುದು ನಮ್ಮಲ್ಲಿ ರೂಢಿ. ಆಗ ಮಗು ಮಗುವಾಗಿ ಉಳಿಯುವುದಿಲ್ಲ. ನಾವು ನೆಂಟರಿಗೆ ಒಪ್ಪಿಸುವ ಕಪ್ಪಕಾಣಿಕೆಯಾಗುತ್ತದೆ. ಹಿರಿಯರ ಋಣವನ್ನು ತೀರಿಸಬೇಕಾದವರು ನಾವು. ಅದನ್ನು ಕೂಸಿನ ಕಣ್ಣೀರಿನಿಂದ ತೀರಿಸುವುದು ಧರ್ಮವಲ್ಲ.

ಈ ಸೂಕ್ಷ್ಮ ನನ್ನ ತಾಯಿಗೆ ಯಾವ ತರ್ಕವೂ ಇಲ್ಲದೆ ತಿಳಿದಿದೆ. ಊರು ಮುಟ್ಟಿದ ದಿನ ಮಗ ಅಜ್ಜಿಯನ್ನು ಕಂಡು ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿದ. ಹೋಗು ಎಂದು ನಾವು ಮುಂದೆ ತಳ್ಳಿದಾಗ ಅಮ್ಮನೇ ತಡೆದಳು: "ಬಿಡೋ, ಎಳೀಬೇಡ. ಅವನಾಗೇ ಬರ್ತಾನೆ." ಅವಳು ಜಗಲಿಯಲ್ಲಿ ಕುಳಿತು ಹಬ್ಬದ ಸರಕ್ಕೆ ಚೆಂಡುಹೂ ಪೋಣಿಸುತ್ತಲೇ ಇದ್ದಳು. ಮೊದಲ ದಿನ ಅವನು ಕಂಬದ ಮರೆಯಿಂದ ಇಣುಕಿದ. ಮರುದಿನ ಒಂದು ಹೂವನ್ನು ಕಸಿದುಕೊಂಡು ಓಡಿದ. ಮೂರನೆಯ ದಿನ ಅವಳ ಮಡಿಲಿನಲ್ಲಿಯೇ ನಿದ್ದೆಹೋದ. ಕಾಲು ಜೋಮು ಹಿಡಿದರೂ ಅಮ್ಮ ಅಲುಗಾಡಲಿಲ್ಲ.

ನನ್ನನ್ನೂ ಇದೇ ವಯಸ್ಸಿನಲ್ಲಿ ಅಮ್ಮ ಶರಾವತಿಯ ಹಿನ್ನೀರನ್ನು ಲಾಂಚಿನಲ್ಲಿ ದಾಟಿಸಿ ತನ್ನ ತವರಿಗೆ ಕರೆದೊಯ್ದಿದ್ದಳಂತೆ. 2025ರಲ್ಲಿ ಆ ನೀರಿಗೆ ಸೇತುವೆಯೂ ಆಯಿತು. ಆ ಮನೆಯ ಅಜ್ಜಿ ನನಗೆ ಬುದ್ಧಿ ತಿಳಿಯುವ ಮೊದಲೇ ತೀರಿಕೊಂಡಳು. ಅವಳ ಮುಖ ನನಗೆ ನೆನಪಿಲ್ಲ. ಅವಳು ನನ್ನನ್ನು ಎತ್ತಿಕೊಂಡದ್ದಂತೂ ನಿಜ.