ಮೂತ್ರ ನಿಲ್ಲದವರು ಪೂಜೆ ಮಾಡಬಹುದೇ?

ಪ್ರಶ್ನೆ: ನನಗೆ 71 ವರ್ಷ. ಪ್ರಾಸ್ಟೇಟ್ ತೊಂದರೆಯಿಂದ ಮೂತ್ರ ತಡೆಯಲಿಕ್ಕೆ ಆಗುವುದಿಲ್ಲ, ಮಡಿ ಉಟ್ಟು ಕೂತರೂ ಹನಿ ಹೋಗುತ್ತಲೇ ಇರುತ್ತದೆ. ನೀರು ಕುಡಿಯದೆ ಪೂಜೆಗೆ ಕೂತು ನೋಡಿದೆ, ತಲೆ ಸುತ್ತಿ ಬಿದ್ದೆ. ಯುಗಾದಿಯಿಂದ ಸಂಧ್ಯಾವಂದನೆ, ದೇವರ ಪೂಜೆ ಎರಡನ್ನೂ ಬಿಟ್ಟಿದ್ದೇನೆ. ಪಕ್ಕದ ಮನೆಯ ಮುಸ್ಲಿಂ ಹಿರಿಯರಿಗೂ ಇದೇ ಕಾಯಿಲೆ. ಅವರು ನಮಾಜು ಬಿಟ್ಟಿಲ್ಲ; ‘ನಮ್ಮಲ್ಲಿ ಇದಕ್ಕೆ ದಾರಿ ಐತಿ’ ಅಂತಾರೆ. ನಮ್ಮಲ್ಲಿ ಇಲ್ಲವೇ?
– ಹೆಸರು ಬೇಡವೆಂದ ಓದುಗರು, ಹರಪನಹಳ್ಳಿ

ಉತ್ತರ: ಖಂಡಿತ ಇದೆ. ಮೊದಲಿಗೆ ಒಂದು ಮಾತು: ನೀರು ಬಿಡಬೇಡ್ರಿ. ನಮ್ಮ ಸೀಮೆಯ ಬಿಸಿಲು ನಿಮಗೆ ಗೊತ್ತೇ ಇದೆ. ಎಷ್ಟು ಕುಡಿಯಬೇಕು ಎಂಬುದನ್ನು ಡಾಕ್ಟರು ಹೇಳಲಿ. ಸಂಧ್ಯಾವಂದನೆಗಾಗಿ ಬಾಯಾರಿ ಬೀಳಬೇಕೆಂಬ ವಿಧಿ ಇಲ್ಲ.

ನಿಮ್ಮ ನೆರೆಯವರು ಹೇಳಿದ್ದು ಸರಿ. ಅವರಲ್ಲಿ ಮೂತ್ರದ ಹನಿ ಹೊರಬಂದರೆ ವುಜೂ ಮುರಿಯುತ್ತದೆ. ಮತ್ತೆ ಕೈಕಾಲು ಮುಖ ತೊಳೆದೇ ನಮಾಜಿಗೆ ನಿಲ್ಲಬೇಕು. ಆದರೆ ಒಂದು ನಮಾಜಿನ ಇಡೀ ವೇಳೆಯಲ್ಲಿ, ವುಜೂ ಮಾಡಿ ನಮಾಜು ಮುಗಿಸುವಷ್ಟು ಬಿಡುವೂ ಸಿಗದಂತೆ ಹನಿ ಹೋಗುತ್ತಿದ್ದರೆ, ಹನಫಿ ಪದ್ಧತಿಯಲ್ಲಿ ಅಂಥವನನ್ನು ‘ಮಾಜೂರ್’ ಎನ್ನುತ್ತಾರೆ. ವಿನಾಯಿತಿ ಉಳ್ಳವನು ಎಂದರ್ಥ. ಅವನು ಪ್ರತಿ ವೇಳೆಗೆ ಒಮ್ಮೆ ವುಜೂ ಮಾಡಬೇಕು; ಆ ವೇಳೆ ಮುಗಿಯುವ ತನಕ ಆ ಹನಿಯಿಂದ ಅದು ಮುರಿಯುವುದಿಲ್ಲ. ಮುಟ್ಟಿನ ದಿನಗಳು ಕಳೆದರೂ ರಕ್ತಸ್ರಾವ ನಿಲ್ಲದ ಹೆಣ್ಣುಮಕ್ಕಳಿಗೂ ಇದೇ ದಾರಿ. ಗಮನಿಸಿ, ತೊಳೆಯುವುದನ್ನೂ ಬಿಡಿಸಿಲ್ಲ, ನಮಾಜನ್ನೂ ಬಿಡಿಸಿಲ್ಲ.

ನಮ್ಮ ಶಾಸ್ತ್ರದ ಮನಸ್ಸೂ ಇದೇ. ಮನುಸ್ಮೃತಿ ದೇಹದ ಮಲಗಳನ್ನು 12 ಎಂದು ಎಣಿಸುತ್ತದೆ. ಅದರಲ್ಲಿ ಮೂತ್ರವಿದೆ, ಬೆವರೂ ಇದೆ, ಕಣ್ಣೀರೂ ಇದೆ. ದಾವಣಗೆರೆಯಿಂದ ಕೊಟ್ಟೂರು ತೇರಿಗೆ ನಡೆದು ಬರುವ ಭಕ್ತರು ಬೆವರಿನಲ್ಲಿ ತೊಯ್ದಿರುತ್ತಾರೆ, ಸ್ವಾಮಿಯನ್ನು ಕಂಡು ಅಳುತ್ತಾರೆ. ಅವರನ್ನು ಯಾರಾದರೂ ಅಶುಚಿ ಅಂತಾರೇನ್ರಿ? ಅದೇ ಸೀಮೆಯ ವೀರಶೈವ ಸಂಪ್ರದಾಯದಲ್ಲಿ ಇಷ್ಟಲಿಂಗ ಧರಿಸಿದವರಿಗೆ ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದೂ ಸೂತಕಗಳಿಲ್ಲ. ನಮ್ಮ ಪದ್ಧತಿ ಬೇರೆ, ನಾವು ಮಡಿ ಪಾಲಿಸುವವರು. ಆದರೂ ರೋಗಿಗೆ, ಮುದುಕರಿಗೆ ನಮ್ಮಲ್ಲಿಯೂ ಬೇರೆ ಲೆಕ್ಕ. ತಲೆಗೆ ನೀರು ಹಾಕಿಕೊಳ್ಳಲು ಆಗದವನಿಗೆ ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಳ್ಳುವುದು, ಮಂತ್ರಸ್ನಾನ, ಭಸ್ಮಸ್ನಾನ, ಅದೂ ಆಗದಿದ್ದರೆ ಮಾನಸಸ್ನಾನ.

‘ಹಾಗಾದರೆ ಮಡಿ ಯಾಕೆ ಬೇಕು?’ ಎಂದು ಕೆಲವರು ಕೇಳುತ್ತಾರೆ. ಕೈಲಾದವನು ಸೋಮಾರಿತನದಿಂದ ಸ್ನಾನ ಬಿಟ್ಟರೆ ಅದು ದೋಷವೇ. ನಿಮ್ಮದು ಬಿಟ್ಟದ್ದಲ್ಲ, ದೇಹ ಮಾತು ಕೇಳದೆ ಇರುವುದು. ಮನುಷ್ಯನ ಕೈಯಲ್ಲಿ ಇರುವುದಕ್ಕೆ ಮಾತ್ರ ಶಾಸ್ತ್ರ ಅವನನ್ನು ಹೊಣೆ ಮಾಡುತ್ತದೆ.

ಇನ್ನು ಕ್ರಮ. ಪೂಜೆಗೆ ಮುಂಚೆ ಮೂತ್ರಕ್ಕೆ ಹೋಗಿ ಬನ್ನಿ. ಚೆನ್ನಾಗಿ ತೊಳೆದುಕೊಂಡು, ಒಳಗೆ ಒಣಗಿದ ಬಟ್ಟೆ ಅಥವಾ ಪ್ಯಾಡು ಕಟ್ಟಿ, ಮೇಲೆ ಮಡಿ ಧೋತ್ರ ಉಡಿ. ತೊಳೆಯಲು ಬರುವ ಚಾಪೆ ಪ್ರತ್ಯೇಕ ಇರಲಿ. ಕೂತು ಆಚಮನ ಮಾಡಿ, ಅರ್ಘ್ಯ ಕೊಡಿ. ಹೆಚ್ಚು ಹೊತ್ತು ಕೂರಲಾಗದಿದ್ದರೆ 10 ಗಾಯತ್ರಿ ಸಾಕು. ದೇವರಿಗೆ ಗಂಧ, ಅಕ್ಷತೆ, ಹೂ, ನೈವೇದ್ಯ. ನಡುವೆ ಹನಿ ಹೋದರೆ ಏಳಬೇಡಿ. ಬಲಗಿವಿ ಮುಟ್ಟಿಕೊಂಡು ವಿಷ್ಣುಸ್ಮರಣೆ ಮಾಡಿ ಮುಂದುವರಿಸಿ. ಮುಗಿದ ಮೇಲೆ ಬಟ್ಟೆ ಬದಲಿಸಿ. ಕೊಳವೆ ಹಾಕಿಸಿಕೊಂಡವರೂ ಚೀಲ ಖಾಲಿ ಮಾಡಿ, ಕೈ ತೊಳೆದು ಹೀಗೆಯೇ ಮಾಡಬಹುದು. ಊರ ದೇವಸ್ಥಾನದಲ್ಲಿ ಮೂರ್ತಿ ಮುಟ್ಟಿ ಪೂಜಿಸುವ ಅರ್ಚಕರ ಮಾತು ಬೇರೆ. ಅವರು ಆ ಸರದಿಯನ್ನು ಇನ್ನೊಬ್ಬರಿಗೆ ಕೊಡುವುದು ಒಳ್ಳೆಯದು. ಇದು ನಿಮ್ಮ ಮನೆಯ ದೇವರು.

ಬಿಟ್ಟ ದಿನಗಳ ಬಗ್ಗೆ ಕೊರಗಬೇಡಿ. ಮೊದಲ ದಿನ ಒಂದು ಪ್ರಾಯಶ್ಚಿತ್ತ ಅರ್ಘ್ಯ ಹೆಚ್ಚಿಗೆ ಕೊಡಿ. ಇವತ್ತು ಸಾಯಂಸಂಧ್ಯೆಯಿಂದಲೇ ಶುರು ಮಾಡ್ರಿ. ಶುಭವಾಗಲಿ.